ಬೀದಿಯ ಹಕ್ಕು ಮತ್ತು ಚಿತ್ರದ ಅಡಿಬರಹ

ಬೀದಿಗಳಲ್ಲಿ ಕುಳಿತುಕೊಳ್ಳುವುದನ್ನು ಬಿಟ್ಟುಬಿಡಿರೆಂದು ಪ್ರವಾದಿ(ಸ)ರವರು ಒಮ್ಮೆ ಸಹಾಬಿಗಳಿಗೆ ಹೇಳಿದರು. ಮಾತುಕತೆಗೆ ನಮಗೆ ಬೇರೆ ಜಾಗವಿಲ್ಲವಲ್ಲ ಎಂದು ಅವರು ನಿವೇದಿಸಿಕೊಂಡಾಗ, ಹಾಗಾದರೆ ಬೀದಿಗೆ ಸಲ್ಲಬೇಕಾದ ಹಕ್ಕನ್ನು ಸಲ್ಲಿಸಿರೆಂದು ಆದೇಶಿಸಿದರು. ಬೀದಿಯ ಹಕ್ಕೆಂದರೆ ಯಾವುದು? ದೃಷ್ಟಿಯನ್ನು ತಗ್ಗಿಸುವುದು, ಯಾರಿಗೂ ತೊಂದರೆ ಕೊಡದಿರುವುದು, ಸಲಾಮಿಗೆ ಉತ್ತರಿಸುವುದು, ಒಳಿತನ್ನು ಆದೇಶಿಸುವುದು, ಕೆಡುಕನ್ನು ತಡೆಯುವುದು. ಅಬೂ ಸಈದ್ ಅಲ್ ಖುದ್ರಿ(ರ)ರವರಿಂದ ಇಮಾಮ್ ಬುಖಾರಿ, ಇಮಾಮ್ ಮುಸ್ಲಿಮ್ ಇಬ್ಬರೂ ವರದಿ ಮಾಡಿರುವ ಈ ಹದೀಸನ್ನು ಮದ್ರಸದಲ್ಲಿ ಪಾಠ ಮಾಡುವಾಗಲೆಲ್ಲ ಅಂಗಡಿಯ ಜಗಲಿಯಲ್ಲಿ ಹರಟುತ್ತ ಕುಳಿತವರ ಉದಾಹರಣೆಯನ್ನು ಕೊಡುವುದು ವಾಡಿಕೆ. ಕ್ಯಾಮರಾ ಹಿಡಿದು ಬೀದಿಯಲ್ಲಿ ನಿಲ್ಲುವವನಿಗೂ ಇದು ಅನ್ವಯಿಸುತ್ತದೆಯೇ ಎಂಬ ಪ್ರಶ್ನೆಯನ್ನು ನನ್ನ ಮುಂದಿಟ್ಟವರು ನಮ್ಮ ಜಮಾಅತಿನ ಕೆಲವು ಯುವಕರು.

ಆರೇಳು ಮಂದಿ ಇದ್ದಾರೆ. ಒಬ್ಬ ಮೊಬೈಲ್ ಅಂಗಡಿಯಲ್ಲಿ ದುಡಿಯುವವನು, ಕೆಲವರು ಕಾಲೇಜು ವಿದ್ಯಾರ್ಥಿಗಳು, ಒಬ್ಬ ಗಲ್ಫಿನಿಂದ ರಜೆಯಲ್ಲಿ ಬಂದವನು. ಒಂದು ಕ್ಯಾಮರಾವನ್ನು ಮೂವರು, ಒಂದು ಲೆನ್ಸನ್ನು ನಾಲ್ವರು ಹಂಚಿಕೊಳ್ಳುತ್ತಾರೆ. ಆದಿತ್ಯವಾರ ಸುಬಹಿ ನಮಾಝಿನ ಬಳಿಕ ಮಂಗಳೂರಿನ ಬಂದರು, ಮೀನಿನ ದಕ್ಕೆ, ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣ ಎಂದು ಸುತ್ತಾಡಿ ಬೀದಿಯ ಬದುಕನ್ನು ಸೆರೆಹಿಡಿಯುವುದು ಅವರ ಹವ್ಯಾಸ. ಅವುಗಳಲ್ಲಿ ನಲವತ್ತು ಚಿತ್ರಗಳನ್ನು ಆರಿಸಿ ಶಾಲೆಯೊಂದರ ಸಭಾಂಗಣದಲ್ಲಿ ಪ್ರದರ್ಶಿಸಬೇಕೆಂಬ ಆಸೆ ಅವರಿಗೆ. "ಉಸ್ತಾದ್, ನೀವು ಕನ್ನಡ ಬಿ.ಎ. ಓದಿದವರು. ಒಂದೊಂದು ಚಿತ್ರಕ್ಕೆ ಒಂದೊಂದು ಸಾಲು ಬರೆದು ಕೊಡಬೇಕು" ಎಂದರು. "ಓದಿದವರ ಕಣ್ಣು ತುಂಬಿ ಬರಬೇಕು" ಎಂದು ಅವರಲ್ಲಿ ಕಿರಿಯವನು ಸೇರಿಸಿದ.

ಛಾಯಾಚಿತ್ರವೇ ಅನುವದನೀಯವೇ ಎಂಬ ಕುರಿತು ಉಲಮಾಗಳ ನಡುವೆ ಭಿನ್ನಾಭಿಪ್ರಾಯವಿರುವುದು ಓದುಗರಿಗೆ ತಿಳಿದದ್ದೇ. ಈಜಿಪ್ಟಿನ ಮುಫ್ತಿಯಾಗಿದ್ದ ಶೈಖ್ ಮುಹಮ್ಮದ್ ಬಖೀತ್ ಅಲ್ ಮುತೀಈಯವರು ಇದನ್ನು ಸೃಷ್ಟಿಯ ಅನುಕರಣೆಯಲ್ಲ, ನೆರಳನ್ನು ತಡೆದು ನಿಲ್ಲಿಸುವ ಕ್ರಿಯೆ ಎಂದು ಪರಿಗಣಿಸಿ ಅನುಮತಿಸಿದರು. ಅನುಮತಿಸದ ವಿದ್ವಾಂಸರೂ ಇದ್ದಾರೆ, ಅವರ ವಾದಕ್ಕೂ ತೂಕವಿದೆ. ಆ ಚರ್ಚೆಯನ್ನು ನಾನಿಲ್ಲಿ ಎತ್ತಿಕೊಳ್ಳುವುದಿಲ್ಲ. ಅನುಮತಿ ಇದೆಯೆಂದು ನಂಬಿ ಚಿತ್ರ ತೆಗೆಯುವವನ ಹೊಣೆ ಏನು ಎಂಬುದಷ್ಟೇ ನನ್ನ ವಿಷಯ.

ಅಂದು ಇಶಾ ತನಕ ಅವರು ಮಾತಾಡಿದ್ದು ಲೆನ್ಸುಗಳ ಬಗ್ಗೆ. ನಾನು ಕೇಳುತ್ತ ಕುಳಿತೆ. 35 ಮಿ.ಮೀ. ಒಳ್ಳೆಯದೋ 50 ಒಳ್ಳೆಯದೋ ಎಂಬಲ್ಲಿಂದ ಆರಂಭವಾಗಿ 70-200ರ ಜೂಮ್ ಲೆನ್ಸಿನವರೆಗೆ ವಾದ ಸಾಗಿತು. ನನಗೆ ಅರ್ಥವಾದಷ್ಟನ್ನು ಸರಳವಾಗಿ ಹೇಳುತ್ತೇನೆ. ಸಂಖ್ಯೆ ಚಿಕ್ಕದಾದಷ್ಟು ಲೆನ್ಸು ವಿಶಾಲವಾಗಿ ನೋಡುತ್ತದೆ, ದೊಡ್ಡದಾದಷ್ಟು ದೂರದ ವಸ್ತುವನ್ನು ಹತ್ತಿರಕ್ಕೆ ಎಳೆದು ತರುತ್ತದೆ. ಒಬ್ಬ ಮನುಷ್ಯನ ಪೂರ್ಣ ನಿಲುವು ಚೌಕಟ್ಟನ್ನು ತುಂಬಬೇಕಾದರೆ 35ರ ಲೆನ್ಸಿನವನು ಸುಮಾರು ಎರಡು ಮೀಟರ್ ಹತ್ತಿರಕ್ಕೆ ಹೋಗಬೇಕು. 200ರವನು ಹತ್ತು ಮೀಟರ್ ಆಚೆ, ರಸ್ತೆಯ ಇನ್ನೊಂದು ಬದಿಯಲ್ಲಿ ನಿಂತರೆ ಸಾಕು. ದೂರದಿಂದ ತೆಗೆದ ಚಿತ್ರಕ್ಕೆ ಇನ್ನೊಂದು ಗುಣವಿದೆ. ಹಿಂದಿನದೂ ಮುಂದಿನದೂ ಒಂದಕ್ಕೊಂದು ಅಂಟಿಕೊಂಡಂತೆ ಕಾಣುತ್ತವೆ. ನಾಲ್ಕು ಮಾರು ಅಂತರದಲ್ಲಿ ನಡೆಯುವವರು ಭುಜಕ್ಕೆ ಭುಜ ತಾಗಿಸಿ ನಡೆದಂತೆ ತೋರುತ್ತಾರೆ.

ಇದು ಬರಿಯ ತಾಂತ್ರಿಕ ವಿಚಾರವೆಂದು ತಿಳಿಯಬೇಡಿ. 2020ರ ಏಪ್ರಿಲ್‌ನಲ್ಲಿ, ಕೊರೋನಾ ದಿನಗಳಲ್ಲಿ, ಡೆನ್ಮಾರ್ಕಿನ ಚಿತ್ರಸಂಸ್ಥೆಯೊಂದರ ಇಬ್ಬರು ಛಾಯಾಗ್ರಾಹಕರು ಕೋಪನ್‌ಹೇಗನ್ ನಗರದಲ್ಲಿ ಒಂದೇ ಸ್ಥಳದ, ಒಂದೇ ಜನರ ಚಿತ್ರಗಳನ್ನು ವಿಶಾಲ ಲೆನ್ಸಿನಿಂದಲೂ ಟೆಲಿ ಲೆನ್ಸಿನಿಂದಲೂ ತೆಗೆದು ಪಕ್ಕಪಕ್ಕದಲ್ಲಿಟ್ಟು ತೋರಿಸಿದರು. ಒಂದರಲ್ಲಿ ಜನರು ಅಂತರ ಕಾಯ್ದುಕೊಂಡು ಸಾಲಿನಲ್ಲಿ ನಿಂತಿದ್ದಾರೆ, ಇನ್ನೊಂದರಲ್ಲಿ ಗುಂಪುಗೂಡಿದ್ದಾರೆ. ಎರಡೂ ಚಿತ್ರಗಳು ನಿಜವೇ. ಆದರೆ ಎರಡನೆಯದರ ಕೆಳಗೆ 'ನಿಯಮ ಮುರಿದ ಜನ' ಎಂದು ಬರೆದರೆ ಅದು ಸುಳ್ಳು. ಅದೇ ದಿನಗಳಲ್ಲಿ ನಮ್ಮ ನಾಡಿನಲ್ಲಿ ಎಂದೋ, ಎಲ್ಲೋ ತೆಗೆದ ಚಿತ್ರಗಳಿಗೆ ಹೊಸ ಅಡಿಬರಹ ಹೊಲಿದು ಒಂದು ಸಮುದಾಯದ ಮೇಲೆ ಹೊರಿಸಿದ್ದು ಯಾವ ಮನೆಯವರಿಗೂ ಮರೆತಿರಲಾರದು. ಆ ನೋವನ್ನು ಉಂಡವರ ಮಕ್ಕಳೇ ಈಗ ಅಡಿಬರಹ ಬರೆಯಹೊರಟಿದ್ದಾರೆ ಎಂಬುದರಿಂದಲೇ ನಾನು ಈ ಕೆಲಸವನ್ನು ಹಗುರವಾಗಿ ತೆಗೆದುಕೊಳ್ಳಲಿಲ್ಲ.

ಹನ್ನೊಂದನೇ ಶತಮಾನದ ಆರಂಭದಲ್ಲಿ 'ಕಿತಾಬುಲ್ ಮನಾಝಿರ್' ಎಂಬ ದೃಗ್ವಿಜ್ಞಾನದ ಮಹಾಗ್ರಂಥವನ್ನು ರಚಿಸಿದ ಬಸ್ರಾದ ಇಬ್ನುಲ್ ಹೈಸಮ್‌ರನ್ನು ನಮ್ಮ ಭಾಷಣಕಾರರು ಕ್ಯಾಮರಾದ ಪಿತಾಮಹರೆಂದು ಹೊಗಳುವುದುಂಟು. ಹೊಗಳಿಕೆ ಅಷ್ಟಕ್ಕೇ ನಿಲ್ಲುತ್ತದೆ ಎಂಬುದು ನನ್ನ ಬೇಸರ. ಕತ್ತಲ ಕೋಣೆಯ ರಂಧ್ರದಿಂದ ಬೆಳಕು ಒಳಬರುವ ಬಗೆಯನ್ನು ಪರೀಕ್ಷಿಸಿದ ಅದೇ ವಿದ್ವಾಂಸರು ಇನ್ನೊಂದು ಮಾತನ್ನೂ ವಿವರವಾಗಿ ಚರ್ಚಿಸಿದ್ದಾರೆ. ಕಣ್ಣು ನೇರವಾಗಿ ಗ್ರಹಿಸುವುದು ಬೆಳಕು ಮತ್ತು ಬಣ್ಣವನ್ನು. ದೂರ, ಗಾತ್ರ, ಇದು ಇಂಥ ವಸ್ತು ಎಂಬ ಗುರುತು ಇವೆಲ್ಲವನ್ನೂ ಬುದ್ಧಿಯು ಊಹೆ, ಹೋಲಿಕೆಗಳಿಂದ ತೀರ್ಮಾನಿಸುತ್ತದೆ. ದೃಷ್ಟಿಯ ತಪ್ಪುಗಳಲ್ಲಿ ಅನೇಕವು ಹುಟ್ಟುವುದು ಆ ತೀರ್ಮಾನದಲ್ಲಿ. ಛಾಯಾಚಿತ್ರದಲ್ಲಿ ಬೆಳಕನ್ನು ಲೆನ್ಸು ಹಿಡಿದುಕೊಡುತ್ತದೆ. ತೀರ್ಮಾನವನ್ನು ಅಡಿಬರಹ ಹೇಳುತ್ತದೆ.

ಈ ಯುವಕರ ಚಿತ್ರಗಳಲ್ಲಿ ಎರಡರ ಬಗ್ಗೆ ದೀರ್ಘ ಚರ್ಚೆಯಾಯಿತು. ಮೊದಲನೆಯದರಲ್ಲಿ ದಕ್ಕೆಯ ಬಳಿ ಕೈಗಾಡಿಯ ಮೇಲೆ ಮಲಗಿರುವ ಒಬ್ಬ ಮುದುಕರು. ಮುಖದ ಮೇಲೆ ಅರ್ಧ ಬಿಸಿಲು, ಅರ್ಧ ನೆರಳು. ಚಿತ್ರ ಸುಂದರವಾಗಿದೆ, ಸಂಶಯವಿಲ್ಲ. ತೆಗೆದವನು ಅದಕ್ಕೆ 'ಹಸಿವಿನ ನಿದ್ದೆ' ಎಂಬ ಹೆಸರನ್ನು ಆಗಲೇ ಯೋಚಿಸಿಟ್ಟಿದ್ದ. ಅವರು ಹಸಿದಿದ್ದರೆಂದು ನಿನಗೆ ಯಾರು ಹೇಳಿದರು ಎಂದು ಕೇಳಿದೆ. "ನೋಡಿದರೆ ಗೊತ್ತಾಗುತ್ತದಲ್ಲ ಉಸ್ತಾದ್" ಎಂದ. ಎಷ್ಟು ದೂರದಲ್ಲಿ ನಿಂತಿದ್ದೆ ಎಂದರೆ, ರಸ್ತೆಯಾಚೆಯಿಂದ, 200ರಲ್ಲಿ. ಮುಂಜಾನೆಯಿಂದ ಮೀನಿನ ಬುಟ್ಟಿ ಹೊತ್ತು, ಮಧ್ಯಾಹ್ನ ಹೊಟ್ಟೆತುಂಬ ಉಂಡು ಮಲಗಿದ ಮನುಷ್ಯನೂ ಹೀಗೆಯೇ ಕಾಣುತ್ತಾನೆ ಎಂದು ಅವನ ಗೆಳೆಯನೇ ಹೇಳಿದ. ತಿಳಿವಳಿಕೆ ಇಲ್ಲದ ವಿಷಯದ ಬೆನ್ನು ಹತ್ತಬಾರದು, ಕಿವಿ, ಕಣ್ಣು ಮತ್ತು ಹೃದಯ ಎಲ್ಲವೂ ವಿಚಾರಣೆಗೆ ಒಳಗಾಗಲಿವೆ ಎಂದು ಸೂರಃ ಅಲ್ ಇಸ್ರಾ (17:36) ಎಚ್ಚರಿಸುತ್ತದೆ. ಕಣ್ಣಿನೊಡನೆ ಹೃದಯವನ್ನೂ ಅಲ್ಲಿ ಹೆಸರಿಸಿರುವುದನ್ನು ಗಮನಿಸಬೇಕು. ಮುದುಕರನ್ನು ಕಂಡದ್ದು ಕಣ್ಣು. ಹಸಿವನ್ನು ಸೇರಿಸಿದ್ದು ನೋಡಿದವನ ಹೃದಯ.

ಎರಡನೆಯದು ಬೀಡಿ ಕಟ್ಟುವ ಒಬ್ಬ ತಾಯಿಯ ಚಿತ್ರ. ಓಣಿಗೆ ಮುಖ ಮಾಡಿದ ಜಗಲಿ, ಮಡಿಲಲ್ಲಿ ಮೊರ, ಎಲೆ, ಹೊಗೆಸೊಪ್ಪು, ನೂಲು. ಕರಾವಳಿಯ ಎಷ್ಟು ಮನೆಗಳು ಈ ಮೊರದ ಮೇಲೆ ನಿಂತಿವೆ ಎಂಬುದನ್ನು ಇಲ್ಲಿಯವರಿಗೆ ವಿವರಿಸಬೇಕಾಗಿಲ್ಲ. ಈ ಚಿತ್ರವನ್ನು 35ರ ಲೆನ್ಸಿನಲ್ಲಿ ತೆಗೆದಿದ್ದ. ಅಂದರೆ ಜಗಲಿಯ ಮೆಟ್ಟಿಲವರೆಗೂ ಹೋಗಿದ್ದ. ಹೋದವನು ಸಲಾಂ ಹೇಳಲೇಬೇಕಾಯಿತು, ಆಕೆ ಉತ್ತರಿಸಿದರು, ಯಾರ ಮಗನೆಂದು ವಿಚಾರಿಸಿದರು, ಮಾತಾಯಿತು, ತೆಗೆಯಬಹುದೇ ಎಂದು ಕೇಳಿದ ಮೇಲೆಯೇ ಚಿತ್ರ. ಬಳಿಕ ಗೆಳೆಯರು ಸೇರಿ ಅದಕ್ಕೆ 'ಬಡತನವನ್ನು ಸುರುಳಿ ಸುತ್ತುವ ತಾಯಿ' ಎಂದು ಹೆಸರಿಟ್ಟರು. ಕನ್ನಡ ಓದಿದವನಾಗಿ ಹೇಳುವುದಾದರೆ ಸಾಲು ಕೆಟ್ಟದ್ದಲ್ಲ. ಇದನ್ನು ಆಕೆಗೆ ಓದಿ ಹೇಳಿ ಬಾ ಎಂದು ಕಳುಹಿಸಿದೆ. ಆಕೆ ಬ್ಯಾರಿ ಭಾಷೆಯಲ್ಲಿ ಹೇಳಿದ್ದರ ತಾತ್ಪರ್ಯ ಇಷ್ಟು: "ಮೋನೇ, ನಾನು ಬಡವಿ ಎಂದು ನಿನಗೆ ಹೇಳಿದೆನೇ? ದೊಡ್ಡ ಮಗಳ ಮದುವೆ ಈ ಬೀಡಿಯಲ್ಲಿ ಆಯಿತು. ಈಗ ಚಿಕ್ಕವಳಿಗೆ ಸಂಬಂಧದ ಮಾತು ನಡೆಯುತ್ತಿದೆ. ಹುಡುಗನ ಮನೆಯವರು ಅದನ್ನು ಓದಿದರೆ?"

ಹುಡುಗನ ಮನೆಯವರು ಓದಿದರೆ ಏನಾಗುತ್ತಿತ್ತು ಎಂಬುದು ನಮ್ಮ ಸಮಾಜವನ್ನು ಬಲ್ಲವರಿಗೆ ಗೊತ್ತು. ಒಂದು ವಿಶೇಷಣ ಸಾಕಿತ್ತು. ಕೊನೆಗೆ ಆಕೆ ಒಪ್ಪಿದ್ದು ಕೈಗಳು ಮಾತ್ರ ಕಾಣುವ ಇನ್ನೊಂದು ಚಿತ್ರಕ್ಕೆ. ಅದರ ಕೆಳಗಿನ ಸಾಲನ್ನೂ ಆಕೆಯ ಮಾತಿನಿಂದಲೇ ತೆಗೆದುಕೊಂಡೆ: 'ಸಾವಿರ ಬೀಡಿಗೆ ಹತ್ತು ಕಡಿಮೆ. ಅಸರ್‌ನ ಒಳಗೆ ಮುಗಿಸಿ ಬ್ರಾಂಚಿಗೆ ಕೊಡಬೇಕು.' ನಾನೇ ಕುಳಿತು ಯೋಚಿಸಿದ್ದರೆ ಇಂತಹ ಸಾಲು ನನ್ನ ಲೇಖನಿಯಿಂದ ಬರುತ್ತಿರಲಿಲ್ಲ.

ಜಗಲಿ ಬೀದಿಯೋ ಮನೆಯೋ ಎಂಬ ಪ್ರಶ್ನೆಯೂ ಬಂತು. ಬೀದಿಯಿಂದ ಕಾಣುವುದೆಲ್ಲ ಸಾರ್ವಜನಿಕ ಎಂಬುದು ಒಬ್ಬನ ವಾದ. ಪ್ರವಾದಿ(ಸ)ರವರ ಕೋಣೆಯೊಳಕ್ಕೆ ಒಬ್ಬಾತ ಬಾಗಿಲ ಕಂಡಿಯಿಂದ ಇಣುಕಿದಾಗ, ಪ್ರವೇಶಕ್ಕೆ ಅನುಮತಿ ಕೇಳುವ ನಿಯಮ ಬಂದಿರುವುದೇ ದೃಷ್ಟಿಯ ಕಾರಣದಿಂದ ಎಂದು ಅವರು ಹೇಳಿದ್ದನ್ನು ಬುಖಾರಿಯಲ್ಲಿ ಓದುತ್ತೇವೆ. ಕಾಲು ಹೊಸ್ತಿಲನ್ನು ದಾಟದಿದ್ದರೂ ಕಣ್ಣು ದಾಟಬಲ್ಲದು. ಆಗಿನ ಕಂಡಿಯ ಜಾಗದಲ್ಲಿ ಈಗ 200 ಮಿ.ಮೀ. ಇದೆ.

ಅಡಿಬರಹವೊಂದು ಒಬ್ಬ ಮನುಷ್ಯನಿಗೆ ಏನು ಮಾಡಬಲ್ಲದು ಎಂಬುದಕ್ಕೆ ಫ್ರಾನ್ಸಿನ ಪ್ರಸಿದ್ಧ ಛಾಯಾಗ್ರಾಹಕ ರೋಬೇರ್ ದುವಾನೋ ಅವರ ಒಂದು ಚಿತ್ರದ ಕತೆಯನ್ನು ಹೇಳಬೇಕು. ಜಿಸೆಲ್ ಫ್ರೊಯಿಂಡ್ ಎಂಬ ಛಾಯಾಗ್ರಾಹಕಿ ತಮ್ಮ ಪುಸ್ತಕದಲ್ಲಿ ಇದನ್ನು ದಾಖಲಿಸಿದ್ದಾರೆ. ಪ್ಯಾರಿಸಿನ ಕಫೆಯೊಂದರಲ್ಲಿ ಕುಳಿತಿದ್ದ ಒಬ್ಬ ಪುರುಷ ಮತ್ತು ಯುವತಿಯ ಚಿತ್ರವನ್ನು ದುವಾನೋ ಅವರ ಒಪ್ಪಿಗೆ ಪಡೆದು ತೆಗೆದರು. ಕಫೆಗಳ ಕುರಿತ ಸಂಚಿಕೆಯಲ್ಲಿ ಅದು ಪ್ರಕಟವಾಯಿತು. ಕೆಲವು ಕಾಲದ ಬಳಿಕ ಅದೇ ಚಿತ್ರ ಮದ್ಯಪಾನ ವಿರೋಧಿ ಪತ್ರಿಕೆಯಲ್ಲಿ ಕುಡಿತದ ಕೇಡಿಗೆ ನಿದರ್ಶನವಾಗಿ ಕಾಣಿಸಿಕೊಂಡಿತು. ಆಮೇಲೆ ಒಂದು ಕೀಳು ಪತ್ರಿಕೆ ಅದನ್ನೇ ವೇಶ್ಯಾವೃತ್ತಿಯ ಚಿತ್ರವೆಂದು ಬರೆದು ಅಚ್ಚು ಹಾಕಿತು. ಆ ಪುರುಷ ಚಿತ್ರಕಲೆಯ ಶಿಕ್ಷಕ. ಆತ ನ್ಯಾಯಾಲಯಕ್ಕೆ ಹೋದ, ಪತ್ರಿಕೆಗೂ ಚಿತ್ರ ಮಾರಿದ ಸಂಸ್ಥೆಗೂ ದಂಡವಾಯಿತು. ಮೂರು ಸಲವೂ ಚಿತ್ರದಲ್ಲಿ ಒಂದು ಚುಕ್ಕೆಯೂ ಬದಲಾಗಿರಲಿಲ್ಲ. ಒಪ್ಪಿಗೆ ಕೇಳಿದ್ದೂ ಆತನನ್ನು ಕಾಪಾಡಲಿಲ್ಲ.

ನಮಗೆ ಇನ್ನೂ ಹತ್ತಿರದ ಉದಾಹರಣೆ ಶರ್ಬತ್ ಗುಲಾ. ಸ್ಟೀವ್ ಮೆಕ್‌ಕರಿ 1984ರಲ್ಲಿ ಪೇಶಾವರದ ಬಳಿಯ ನಾಸಿರ್ ಬಾಗ್ ನಿರಾಶ್ರಿತರ ಶಿಬಿರದ ಶಾಲೆಯಲ್ಲಿ ತೆಗೆದ ಆ ಹಸಿರು ಕಣ್ಣುಗಳ ಬಾಲಕಿಯ ಚಿತ್ರ 1985ರ ಜೂನ್‌ನಲ್ಲಿ 'ನ್ಯಾಷನಲ್ ಜಿಯೋಗ್ರಾಫಿಕ್' ಪತ್ರಿಕೆಯ ಮುಖಪುಟವಾಯಿತು. ನಿರಾಶ್ರಿತಳೊಬ್ಬಳ ಭಯವನ್ನು ಆ ಕಣ್ಣುಗಳು ಹೇಳುತ್ತಿವೆ ಎಂಬ ಅರ್ಥದ ಸಾಲು ಅದರ ಮೇಲಿತ್ತು. ಹೆಸರು ಇರಲಿಲ್ಲ, ಯಾರೂ ಕೇಳಿ ಬರೆದುಕೊಂಡಿರಲಿಲ್ಲ. ಜಗತ್ತಿನ ಗೋಡೆಗೋಡೆಗಳಲ್ಲಿ ಆಕೆಯ ಮುಖ ತೂಗಿತು. 2002ರಲ್ಲಿ ಹುಡುಕಿ ಕಂಡುಹಿಡಿದಾಗ ಆಕೆ ಪರ್ದಾ ಪಾಲಿಸುವ ಗೃಹಿಣಿ, ಮಕ್ಕಳ ತಾಯಿ. ಆ ಚಿತ್ರವನ್ನು ಅದುವರೆಗೆ ಆಕೆ ನೋಡಿಯೇ ಇರಲಿಲ್ಲ. ಆ ದಿನ ತನಗೆ ಸಿಟ್ಟು ಬಂದಿತ್ತೆಂದು, ಅಪರಿಚಿತ ಪುರುಷನೊಬ್ಬ ತನ್ನ ಚಿತ್ರ ತೆಗೆದನೆಂದು ಆಕೆ ನೆನಪಿಸಿಕೊಂಡರು. ಯುದ್ಧದ ಭಯ ಎಂದು ಜಗತ್ತು ಹದಿನೇಳು ವರ್ಷ ಓದಿಕೊಂಡ ಆ ನೋಟದಲ್ಲಿ ಪರಪುರುಷನ ಎದುರು ನಿಲ್ಲಬೇಕಾದ ಹೆಣ್ಣುಮಗುವಿನ ಕೋಪ ಎಷ್ಟಿತ್ತೋ! ಮದ್ರಸದಲ್ಲಿ ಅದೇ ವಯಸ್ಸಿನ ಹೆಣ್ಣುಮಕ್ಕಳಿಗೆ ಪಾಠ ಹೇಳುವ ನನಗೆ ಆ ಚಿತ್ರವನ್ನು ಈಗ ಮೊದಲಿನಂತೆ ನೋಡಲಾಗುವುದಿಲ್ಲ.

ಗುಜರಾತಿನ ಕುತುಬುದ್ದೀನ್ ಅನ್ಸಾರಿಯವರ ವಿಷಯ ಇನ್ನೂ ಜಟಿಲ. 2002ರ ಮಾರ್ಚ್ 1ರಂದು ಅಹಮದಾಬಾದಿನಲ್ಲಿ ಕೈಮುಗಿದು, ಕಣ್ಣೀರು ತುಂಬಿ ಪ್ರಾಣಭಿಕ್ಷೆ ಬೇಡುತ್ತಿದ್ದ ಆ ದರ್ಜಿಯ ಚಿತ್ರವನ್ನು ರಾಯ್ಟರ್ಸ್‌ನ ಅರ್ಕೋ ದತ್ತ ತೆಗೆದರು. ಆ ಚಿತ್ರ ಬೇಕಿತ್ತು. ನಡೆದದ್ದನ್ನು ನಡೆದಿಲ್ಲ ಎನ್ನುವವರ ಬಾಯಿಗೆ ಅದು ಉತ್ತರ. ಆದರೆ ಬದುಕುಳಿದ ಆ ಮನುಷ್ಯನಿಗೆ ತನ್ನ ಮುಖವೇ ಹೊರೆಯಾಯಿತು. ಗುರುತು ಹಿಡಿಯುವವರ ಕಾಟದಿಂದ ಕೆಲಸ ಕಳೆದುಕೊಂಡರು, ಊರು ಬಿಟ್ಟು ಕೋಲ್ಕತ್ತಾಕ್ಕೆ ಹೋಗಿ ನೆಲೆಸಿ, ಮತ್ತೆ ಮರಳಿದರು. ರಾಜಕೀಯ ಪ್ರಚಾರಕ್ಕೆ ತನ್ನ ಚಿತ್ರವನ್ನು ಬಳಸಬೇಡಿರೆಂದು ಅನೇಕ ಬಾರಿ ವಿನಂತಿಸಿದರು. ಅದೇ ಗಲಭೆಯ ಇನ್ನೊಂದು ಪ್ರಸಿದ್ಧ ಚಿತ್ರದಲ್ಲಿ ಕಬ್ಬಿಣದ ಸರಳು ಎತ್ತಿ ನಿಂತ ಅಶೋಕ್ ಮೋಚಿ ಎಂಬ ಚಪ್ಪಲಿ ಹೊಲಿಯುವ ವ್ಯಕ್ತಿ, ತಾನು ಆ ಹಿಂಸೆಯಲ್ಲಿ ಪಾಲ್ಗೊಂಡಿರಲಿಲ್ಲವೆಂದೇ ಹೇಳುತ್ತ ಬಂದಿದ್ದಾರೆ. ಇಬ್ಬರೂ 2014ರಲ್ಲಿ ಕೇರಳದ ವೇದಿಕೆಯೊಂದರಲ್ಲಿ ಜೊತೆಯಾಗಿ ಕುಳಿತರು. ಮುಂದೆ ಮೋಚಿಯವರ ಪುಟ್ಟ ಚಪ್ಪಲಿ ಅಂಗಡಿಯನ್ನು ಉದ್ಘಾಟಿಸಿದವರು ಅನ್ಸಾರಿ. ಆ ಎರಡು ಚಿತ್ರಗಳನ್ನು ಇಂದಿಗೂ ಹಂಚುವ ನಮ್ಮವರಲ್ಲಿ ಎಷ್ಟು ಮಂದಿ ಈ ಸಂಗತಿಯನ್ನು ಸೇರಿಸಿ ಬರೆಯುತ್ತಾರೆ?

ಇದನ್ನೆಲ್ಲ ಕೇಳಿದ ಮೇಲೆ ಕಾಲೇಜು ವಿದ್ಯಾರ್ಥಿಯೊಬ್ಬ ನ್ಯಾಯವಾದ ಆಕ್ಷೇಪವನ್ನೇ ಎತ್ತಿದ. "ಎಲ್ಲರನ್ನೂ ಕೇಳಿ ನಿಲ್ಲಿಸಿ ತೆಗೆದರೆ ಅದು ಮದುವೆ ಆಲ್ಬಂ ಆಗುತ್ತದೆ ಉಸ್ತಾದ್. ಬೀದಿಯ ಚಿತ್ರದ ಜೀವ ಇರುವುದು ಅರಿವಿಲ್ಲದ ಕ್ಷಣದಲ್ಲಿ." ಹೌದು. ಹೆಚ್ಚಾಗಿ 50ರ ಲೆನ್ಸನ್ನೇ ನೆಚ್ಚಿಕೊಂಡಿದ್ದ ಕಾರ್ಟಿಯೇ-ಬ್ರೆಸ್ಸೋನ್ ಅವರಿಂದ ಹಿಡಿದು ನಮ್ಮ ಮೈಸೂರಿನ ಟಿ.ಎಸ್. ಸತ್ಯನ್ ಅವರವರೆಗೆ ಸಾಮಾನ್ಯರ ಬದುಕನ್ನು ತೋರಿಸಿದವರು ಸಹಜ ಕ್ಷಣಕ್ಕಾಗಿ ಕಾದವರೇ. ನಾನು ಅವನಿಗೆ ಹೇಳಿದ್ದು, ಮೊದಲು ಕೇಳಲಾಗದಿದ್ದರೆ ಬಳಿಕ ಹೋಗಿ ಕೇಳು, ತೆಗೆದದ್ದನ್ನು ತೋರಿಸು, ಬೇಡವೆಂದರೆ ಅಳಿಸು. ಕೇಳಲು ಸಾಧ್ಯವೇ ಆಗದವರ ಚಿತ್ರವಿದ್ದರೆ ಊರು, ದಿನ, ಹೊತ್ತು ಇಷ್ಟನ್ನೇ ಬರೆ. ಹಸಿವು, ಒಂಟಿತನ, ಕುಡಿತ, ಅನಾಥತ್ವ ಇವು ಯಾವುವೂ ಲೆನ್ಸಿನಲ್ಲಿ ಮೂಡುವುದಿಲ್ಲ. ಸೋದರನು ಇಷ್ಟಪಡದ ಮಾತನ್ನು ಅವನ ಬೆನ್ನ ಹಿಂದೆ ಹೇಳುವುದು, ಅದು ನಿಜವಾಗಿದ್ದರೂ, ಗೀಬತ್; ನಿಜವಲ್ಲದಿದ್ದರೆ ಬುಹ್ತಾನ್, ಸುಳ್ಳಾರೋಪ. ಮುಸ್ಲಿಮ್ ವರದಿ ಮಾಡಿರುವ ಈ ಹದೀಸಿನ ವಿಂಗಡಣೆಯಲ್ಲಿ ನಾಲಿಗೆ, ಲೇಖನಿ, ಮೊಬೈಲ್ ಎಂಬ ಭೇದವಿಲ್ಲ. ಮಲಗಿದ ಮುದುಕರನ್ನು ಹುಡುಕಿಕೊಂಡು ಅವನು ಎರಡು ಸಲ ದಕ್ಕೆಗೆ ಹೋದ ಗೆಳೆಯನ ಜೊತೆ ಹೋಗಿಬಂದ, ಸಿಗಲಿಲ್ಲ. ಆ ಚಿತ್ರ ಈಗ 'ದಕ್ಕೆ, ಮಧ್ಯಾಹ್ನ ಎರಡು ಗಂಟೆ' ಎಂದಷ್ಟೇ ಇದೆ. ಅದೂ ಬೇಡ, ತೆಗೆದುಬಿಡಬೇಕು ಎನ್ನುವವರು ಅವರಲ್ಲೇ ಇಬ್ಬರಿದ್ದಾರೆ. ನನ್ನ ಒಲವೂ ಅತ್ತಲೇ.

ಅನ್ಯಾಯ ನಡೆಯುವಲ್ಲಿ ಮಾತ್ರ ಲೆಕ್ಕ ಬೇರೆ. ಹೊಡೆಯುವವನ ಬಳಿ ಅನುಮತಿ ಕೇಳಬೇಕಾಗಿಲ್ಲ. ಇಮಾಮ್ ನವವಿಯವರು 'ರಿಯಾದುಸ್ಸಾಲಿಹೀನ್'ನಲ್ಲಿ ಗೀಬತ್ ಅನುವದನೀಯವಾಗುವ ಆರು ಸಂದರ್ಭಗಳನ್ನು ಎಣಿಸುವಾಗ ಮರ್ದಿತನ ದೂರನ್ನೇ ಮೊದಲಿಗೆ ಇಡುತ್ತಾರೆ. ಅಲ್ಲಿಯೂ ಅಡಿಬರಹ ಕಂಡದ್ದಕ್ಕಿಂತ ಒಂದು ಗೆರೆ ಮುಂದೆ ಹೋಗಬಾರದು. ಹೋದರೆ ನಿಜವಾದ ಚಿತ್ರವನ್ನೂ ಸುಳ್ಳೆನ್ನಲು ಮರ್ದಕನಿಗೆ ದಾರಿ ಸಿಗುತ್ತದೆ.

ಇನ್ನೊಂದು ಬಗೆಯ ಚಿತ್ರವಿದೆ. ಅದನ್ನು ತೆಗೆಯುವವರು ಹವ್ಯಾಸಿಗಳಲ್ಲ, ನಾವೇ. ರಮಝಾನ್ ಬಂತೆಂದರೆ ಅಕ್ಕಿ, ಎಣ್ಣೆ, ಖರ್ಜೂರದ ಕಿಟ್ ಹಿಡಿದು ತಲೆ ತಗ್ಗಿಸಿ ನಿಂತ ವಿಧವೆಯರ, ವೃದ್ಧರ ಚಿತ್ರಗಳು ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತವೆ. ಕೆಳಗೆ ದಾನಿಯ ಹೆಸರು, 'ಬಡ ಕುಟುಂಬಕ್ಕೆ ನೆರವು' ಎಂಬ ಸಾಲು. ದಾನವನ್ನು ಎತ್ತಿ ಆಡಿ, ನೋಯಿಸಿ ನಿಷ್ಫಲಗೊಳಿಸಿಕೊಳ್ಳಬಾರದೆಂದು ಸೂರಃ ಅಲ್ ಬಕರಃ ಹೇಳುತ್ತದೆ. ಅದೇ ಅಧ್ಯಾಯ ಕೆಲವೇ ವಚನಗಳ ಬಳಿಕ (2:273), ಬೇಡದೆ ಮರ್ಯಾದೆಯಿಂದ ಬದುಕುವ ಕಾರಣಕ್ಕೆ ಅರಿಯದವನ ಕಣ್ಣಿಗೆ ಉಳ್ಳವರಂತೆ ಕಾಣುವ ಬಡವರನ್ನು ಪ್ರಶಂಸೆಯಿಂದ ನೆನೆಯುತ್ತದೆ. ಆ ಮರ್ಯಾದೆಯ ಹೊದಿಕೆಯನ್ನು ಒಂದು ಚಿತ್ರ, ಒಂದು ಸಾಲು ಎಳೆದು ಹಾಕುತ್ತದೆ. ಆ ಮನೆಯ ಮಗ ನಾಳೆ ಶಾಲೆಗೆ ಹೋಗಬೇಕು. ಅವನ ಸಹಪಾಠಿಯ ಮನೆಯಲ್ಲೂ ಮೊಬೈಲ್ ಇದೆ.

ಹಣ ಕೊಟ್ಟವರಿಗೆ ಲೆಕ್ಕ ಬೇಕು ಎಂಬುದು ನಿಜ, ಅದು ಅವರ ಹಕ್ಕು. ಈ ವರ್ಷ ನಮ್ಮ ಸಮಿತಿಯವರು ಚಿತ್ರ ತೆಗೆಯುವ ಹೊಣೆಯನ್ನು ಆ ಯುವಕರಿಗೇ ಒಪ್ಪಿಸಿದರು. ಅವರು ಮದ್ರಸದ ಹಾಲ್‌ನಲ್ಲಿ ಒಟ್ಟಿದ್ದ ಚೀಲಗಳನ್ನೂ, ಹೊತ್ತೊಯ್ಯುವ ಸ್ವಯಂಸೇವಕರ ಬೆನ್ನುಗಳನ್ನೂ ತೆಗೆದರು. ಒಂದು ಬಾಗಿಲೂ ಇಲ್ಲ, ಪಡೆದವರ ಒಂದು ಮುಖವೂ ಇಲ್ಲ. ಗಲ್ಫಿನಿಂದ ದಾನಿಯೊಬ್ಬರು ಕರೆ ಮಾಡಿ, ಯಾರಿಗೆ ಕೊಟ್ಟಿರೆಂದು ತಿಳಿಯುವುದು ಹೇಗೆ, ಒಂದಾದರೂ ಫೋಟೋ ಬೇಡವೇ ಎಂದು ಕೇಳಿದರು. ನಮ್ಮ ಖಜಾಂಚಿ ಅಕ್ಕಿ ಅಂಗಡಿಯ ರಸೀದಿಯನ್ನು ಮೇಜಿನ ಮೇಲೆ ಹರಡಿ, ಆ ಯುವಕರಲ್ಲಿ ಒಬ್ಬನಿಂದ ಫೋಟೋ ತೆಗೆಸಿ ಅವರಿಗೆ ಕಳುಹಿಸಿಕೊಟ್ಟರು.